ಸನ್ಯಾಸಿಯ ಕೈಗೆ ಬಂದ ಚಿನ್ನದ ಸೇಬು

"ಮಾವ, ಇವನು ನಿಜವಾಗ್ಲೂ ಇದ್ದನಾ, ಇಲ್ಲಾ ಇವರೇ ಕಟ್ಟಿದ ಕಥೆಯಾ?"

ಅಕ್ಕನ ಮಗ ಟಿವಿಯಿಂದ ಕಣ್ಣು ಕೀಳದೆ ಕೇಳಿದ. ರಜೆಗೆಂದು ಬಂದವನು ಹಳೆಯ ಆಟವೊಂದನ್ನು ಮತ್ತೆ ಹಾಕಿಕೊಂಡು ಮೂರು ದಿನದಿಂದ ಸೋಫಾ ಬಿಟ್ಟು ಎದ್ದಿರಲಿಲ್ಲ. ಪರದೆಯ ಮೇಲೆ ದೊಡ್ಡ ಕಲ್ಲಿನ ಅರಮನೆ, ಅದರ ಮುಂದೆ ಸಿಟ್ಟಿಗೆದ್ದ ಜನ, ಅವರೆದುರು ಕರಿ ಮುಸುಕಿನ, ಗಿಣಿಮೂಗಿನ ಸನ್ಯಾಸಿ. ಅವನು ಕೈಯೆತ್ತಿದ. ಅಂಗೈಯಲ್ಲಿದ್ದ ಚಿನ್ನದ ಗೋಲ ಝಗ್ಗೆಂದಿತು. ಕೂಗಾಡುತ್ತಿದ್ದವರು ತಲೆ ಹಿಡಿದುಕೊಂಡು ತೂರಾಡಿದರು. ಅಷ್ಟರಲ್ಲಿ ನಮ್ಮ ಹುಡುಗ ಆಡಿಸುತ್ತಿದ್ದ ನಾಯಕ ಎಸೆದ ಚೂರಿ ತಗುಲಿ ಗೋಲ ಉರುಳಿಹೋಯಿತು, ಜನ ಸನ್ಯಾಸಿಯ ಮೇಲೆ ಮುಗಿಬಿದ್ದರು.

"ಇದ್ದ. ಹೆಸರೂ ಅದೇ, ಊರೂ ಅದೇ, ಸತ್ತ ದಿನವೂ ಅದೇ. ಆ ಗೋಲ ಮಾತ್ರ ಇರಲಿಲ್ಲ," ಎಂದೆ.

"ಹಂಗಾದ್ರೆ ಜನ ಯಾಕೆ ಅವನ ಮಾತು ಕೇಳಿದ್ರು?"

ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇದ್ದ ಒಂದೆರಡು ಮಾತು ಅವನು ಬಟನ್ ಒತ್ತುವ ವೇಗಕ್ಕೆ ಸಾಟಿಯಾಗುವಂಥದ್ದಲ್ಲ. ಈ ಅಂಕಣದಲ್ಲಿ ವಿಡಿಯೋ ಗೇಮುಗಳ ಬಗ್ಗೆ ಒಮ್ಮೆ ಬರೆದ ತಪ್ಪಿಗೆ ಇಂಥ ಪ್ರಶ್ನೆಗಳು ಮೇಲಿಂದ ಮೇಲೆ ಬರುತ್ತಿವೆ. ಆಟದಲ್ಲಿ ಪೋಪ್‌ಗೆ ಗುದ್ದುತ್ತಾರಂತೆ, ಸನ್ಯಾಸಿ ಮಾಟಗಾರನಂತೆ, ಮಕ್ಕಳು ಇದನ್ನೇ ಇತಿಹಾಸ ಅಂದುಕೊಂಡರೆ ಏನು ಗತಿ ಎಂದು ಕೇಳುವವರು ತಂದೆ ತಾಯಂದಿರು. ಇದರಲ್ಲಿ ಎಷ್ಟು ನಿಜ ಎಂದು ಕೇಳುವವರು ಆಡುವವರು. ಹುಡುಗನ ಪ್ರಶ್ನೆ ಇವೆರಡಕ್ಕಿಂತಲೂ ಒಳ್ಳೆಯದು ಅನ್ನಿಸಿದ್ದರಿಂದ ಇವತ್ತು ಅದನ್ನೇ ಹಿಡಿದುಕೊಂಡಿದ್ದೇನೆ.

ಆಟದ ಹೆಸರು 'ಅಸ್ಯಾಸಿನ್ಸ್ ಕ್ರೀಡ್'. ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ತಂಡ ಕಟ್ಟಿದ್ದು. ಮೊದಲನೆಯದು 2007ರಲ್ಲಿ ಬಂತು, ನಮ್ಮ ಹುಡುಗ ಆಡುತ್ತಿದ್ದ ಎರಡನೆಯದು 2009ರ ನವೆಂಬರಿನಲ್ಲಿ. ಆಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು: ನೆತ್ತರಿನಲ್ಲಿ ಪೂರ್ವಜರ ನೆನಪುಗಳೂ ಹರಿದು ಬರುತ್ತವೆ, ಅವನ್ನು ಓದುವ ಯಂತ್ರವೊಂದಿದೆ. ಈ ಕಾಲದ ಹುಡುಗನೊಬ್ಬ ಅದರಲ್ಲಿ ಮಲಗಿ 15ನೇ ಶತಮಾನದ ಇಟಲಿಯಲ್ಲಿ ಎಟ್ಸಿಯೊ ಎಂಬ ತನ್ನ ಪೂರ್ವಜನಾಗಿ ಓಡಾಡುತ್ತಾನೆ. ನಮಗೆ ಗೊತ್ತಿರುವ ಚರಿತ್ರೆಯ ಅಡಿಯಲ್ಲಿ ಇನ್ನೊಂದು ಚರಿತ್ರೆ ಇದೆ. ಮನುಷ್ಯರಿಗಿಂತ ಮೊದಲು ಭೂಮಿಯನ್ನಾಳಿದ ಜೀವಿಗಳು ಕೆಲವು ಸಾಧನಗಳನ್ನು ಬಿಟ್ಟುಹೋಗಿದ್ದಾರೆ, ಅವುಗಳಲ್ಲಿ 'ಏಡನ್ನಿನ ಸೇಬು' ಮನುಷ್ಯರ ಮನಸ್ಸನ್ನೇ ಹಿಡಿದು ಆಡಿಸಬಲ್ಲದು. ಅದಕ್ಕಾಗಿ ಎರಡು ಗುಪ್ತ ಪಂಗಡಗಳು ತಲೆತಲಾಂತರದಿಂದ ಹೊಡೆದಾಡಿಕೊಂಡಿವೆ. ಮೊದಲ ಆಟದ ಕೊನೆಯಲ್ಲಿ ಮುದಿ ಗುರುವೊಬ್ಬ ಕೆಂಪು ಸಮುದ್ರ ಇಬ್ಭಾಗವಾದದ್ದು, ನೀರು ದ್ರಾಕ್ಷಾರಸವಾದದ್ದು ಎಲ್ಲವೂ ಇಂಥ ವಸ್ತುವಿನ ಕಣ್ಕಟ್ಟು ಎಂದುಬಿಡುತ್ತಾನೆ. ಇಷ್ಟೆಲ್ಲ ಹೇಳುವ ಆಟ, ಶುರುವಿನಲ್ಲೇ, ಇದು ಚರಿತ್ರೆಯಿಂದ ಪ್ರೇರಿತವಾದ ಕಲ್ಪನೆ, ಬೇರೆ ಬೇರೆ ಧರ್ಮ, ನಂಬಿಕೆಗಳ ಜನ ಕೂಡಿ ಮಾಡಿದ್ದು ಎಂದು ಒಂದು ಒಕ್ಕಣೆ ತೋರಿಸುತ್ತದೆ. ಜಗಳಕ್ಕೆ ಮೊದಲೇ ಕೈಮುಗಿದಂತೆ.

ಎರಡನೆಯ ಆಟದಲ್ಲಿ ಕಥೆ 1488ರಿಂದ ಏಕ್‌ದಂ 1499ಕ್ಕೆ ಹಾರುತ್ತದೆ. ನಡುವಿನ ಎರಡು ಅಧ್ಯಾಯಗಳ ನೆನಪು ಕೆಟ್ಟುಹೋಗಿದೆ ಎಂದು ಪಾತ್ರದ ಬಾಯಲ್ಲೇ ಹೇಳಿಸಿದ್ದಾರೆ. ಕೆಟ್ಟಿದ್ದ ಆ ಎರಡು ಅಧ್ಯಾಯಗಳು 2010ರ ಜನವರಿ, ಫೆಬ್ರವರಿಗಳಲ್ಲಿ ರಿಪೇರಿಯಾಗಿ ಪ್ರತ್ಯೇಕ ಬೆಲೆಗೆ ಮಾರಾಟಕ್ಕೆ ಬಂದವು. ನಮ್ಮ ಸನ್ಯಾಸಿ ಇರುವುದು ಅಲ್ಲಿ. ಫೊರ್ಲಿ ಎಂಬ ಊರಿನ ಕಾಳಗದಲ್ಲಿ ಎಟ್ಸಿಯೊ ಗಾಯಗೊಂಡು ಬಿದ್ದಾಗ, ಒಂದು ಬೆರಳಿಲ್ಲದ ಸನ್ಯಾಸಿಯೊಬ್ಬ ಬಂದು ಸೇಬನ್ನು ಎತ್ತಿಕೊಂಡು ಹೋಗುತ್ತಾನೆ. ಮುಂದೆ ಅವನೇ ಫ್ಲಾರೆನ್ಸ್ ನಗರವನ್ನು ಸೇಬಿನ ಬಲದಿಂದ ವಶ ಮಾಡಿಕೊಂಡು ಜನರ ಕೈಯಲ್ಲಿ ಅವರ ಪುಸ್ತಕ, ಚಿತ್ರಗಳನ್ನೇ ಸುಡಿಸುತ್ತಾನೆ. ಜಿರೊಲಾಮೊ ಸಾವೊನರೋಲಾ ಅವನ ಹೆಸರು. ನಿಜದ ಸಾವೊನರೋಲಾ 1487ರಲ್ಲಿ ಫ್ಲಾರೆನ್ಸ್ ಬಿಟ್ಟವನು ಮರಳಿದ್ದು 1490ರಲ್ಲಿ. ಆಟದವರು ಸರಿಯಾಗಿ ಆ ಸಂದಿಯಲ್ಲೇ ತಮ್ಮ ಫೊರ್ಲಿಯ ಕಥೆ ತೂರಿಸಿದ್ದಾರೆ. ಇಂಥ ಕಸುಬುದಾರಿಕೆಗೆ ನಾನು ತಲೆದೂಗುತ್ತೇನೆ. ನನ್ನ ತಕರಾರು ಸೇಬಿನದು.

ಇನ್ನು ನಿಜದ ಮನುಷ್ಯ. 1452ರಲ್ಲಿ ಫೆರಾರಾದಲ್ಲಿ ಹುಟ್ಟಿದವನು. ಅಜ್ಜ ಆಸ್ಥಾನವೈದ್ಯ. ಮೊಮ್ಮಗನೂ ವೈದ್ಯನಾಗಲಿ ಎಂದು ಮನೆಯವರ ಆಸೆ. 1475ರಲ್ಲಿ, 22ರ ವಯಸ್ಸಿನಲ್ಲಿ, ಮನೆಯಲ್ಲಿ ಹೇಳದೆ ಕೇಳದೆ ಬೊಲೊನ್ಯಾಕ್ಕೆ ಹೋಗಿ ಡೊಮಿನಿಕನ್ ಮಠ ಸೇರಿದ. 1482ರಲ್ಲಿ ಫ್ಲಾರೆನ್ಸಿನ ಸಾನ್ ಮಾರ್ಕೊ ಮಠಕ್ಕೆ ಬಂದಾಗ ಅವನ ಉಪದೇಶ ಯಾರಿಗೂ ರುಚಿಸಲಿಲ್ಲ. ಪರವೂರಿನ ಉಚ್ಚಾರ, ಒರಟು ಹಾವಭಾವ. ಮಾತಿನ ಸೊಗಸಿಗೆ ಸೋಲುವ ಆ ಊರಿನವರು ಎದ್ದು ಹೋದರು, ಕೊನೆಗೆ ಉಳಿದವರು ಬೆರಳೆಣಿಕೆಯಷ್ಟು. ಹೀಗೆ ಸೋತು ಹೋದವನು 1490ರಲ್ಲಿ ಮರಳಿ ಬಂದದ್ದು ವಿದ್ವಾಂಸ ಪೀಕೊ ದೆಲ್ಲಾ ಮಿರಾಂದೊಲಾ ಹೇಳಿ, ಊರಿನ ಯಜಮಾನ ಲೊರೆಂಜೊ ದೆ ಮೆಡಿಚಿ ಕರೆಸಿದ್ದರಿಂದ. ಮುಂದೆ ಮೆಡಿಚಿಗಳ ಕಾಲದ ವೈಭವವನ್ನೇ ಬಯ್ಯುವ ಬಾಯಿಯನ್ನು ಮೆಡಿಚಿಯೇ ಖರ್ಚು ಕೊಟ್ಟು ಕರೆಸಿಕೊಂಡಂತಾಯಿತು.

ಈ ಸಲ ಊರಿನ ದೊಡ್ಡ ಗುಮ್ಮಟದ ಪ್ರಧಾನ ಚರ್ಚು ಜನರಿಗೆ ಸಾಲದಾಯಿತು. ಮಾತಿನ ಸೊಗಸನ್ನು ಅವನು ಕಲಿತಿರಲಿಲ್ಲ. ಆಡಿದ ಮಾತು ನಡೆದುಹೋಯಿತು, ಅಷ್ಟೆ. ಆಲ್ಪ್ಸ್ ದಾಟಿ ದೇವರ ಕತ್ತಿ ಬರುತ್ತದೆ ಎನ್ನುತ್ತಿದ್ದ. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೇ ಚಾರ್ಲ್ಸ್ ನಿಜವಾಗಿಯೂ ದಂಡು ಸಮೇತ ಆಲ್ಪ್ಸ್ ದಾಟಿದ. ಆ ಸೆಪ್ಟೆಂಬರ್ 21ರಂದು ಸಾವೊನರೋಲಾ ಮಹಾಪ್ರಳಯದ ಮೇಲೆ ಕೊಟ್ಟ ಉಪದೇಶ ಕೇಳಿ ಪೀಕೊನಂಥ ಪಂಡಿತನ ಮೈಕೂದಲು ನೆಟ್ಟಗಾದವಂತೆ. ಲೊರೆಂಜೊನ ಮಗ ಪಿಯೆರೊ ಹೆದರಿ ಕೋಟೆಗಳನ್ನು ಒಪ್ಪಿಸಿ ನವೆಂಬರಿನಲ್ಲಿ ಊರು ಬಿಟ್ಟು ಓಡಿದ. ದೊರೆಯನ್ನು ಕಂಡು ಮಾತಾಡಲು ಹೋದವರಲ್ಲಿ ಈ ಸನ್ಯಾಸಿಯೂ ಒಬ್ಬ. ಫ್ರೆಂಚ್ ದಂಡು ಊರೊಳಗೆ ಬಂದು ಹನ್ನೊಂದು ದಿನ ಇದ್ದು, ಸೂರೆ ಮಾಡದೆ ಹೊರಟುಹೋಯಿತು. ಬಾಗಿಲು ಭದ್ರಪಡಿಸಿ ಒಳಗೆ ಕೂತಿದ್ದ ಊರು ಹೊರಗೆ ಬಂದು ಉಸಿರು ಬಿಟ್ಟಾಗ ಯಾರ ಹೆಸರು ಹೇಳಿರಬಹುದು?

ಹುಡುಗನ ಪ್ರಶ್ನೆಗೆ ನಾನು ಹುಡುಕಿಕೊಂಡು ಹೋದ ಸಾಕ್ಷಿ ಒಬ್ಬ ಅಂಗಡಿಯವನು. ಲೂಕಾ ಲಾಂದುಚ್ಚಿ ಫ್ಲಾರೆನ್ಸಿನಲ್ಲಿ ಔಷಧಿ ಮಾರುತ್ತಿದ್ದವನು. ಹತ್ತಾರು ವರ್ಷ ದಿನಚರಿ ಬರೆದಿಟ್ಟ. ಗೋಧಿಯ ಬೆಲೆ ಎಷ್ಟು ಏರಿತು, ಮಳೆ ಎಂಥದ್ದು, ಇವತ್ತು ಯಾರನ್ನು ಗಲ್ಲಿಗೆ ಹಾಕಿದರು ಎಂದು ಗಲ್ಲಾಪೆಟ್ಟಿಗೆಯ ಲೆಕ್ಕ ಬರೆಯುವ ಧಾಟಿಯಲ್ಲೇ ಚರಿತ್ರೆ ಬರೆದ ಮನುಷ್ಯ. ಪಂಡಿತನಲ್ಲ, ಮತಾಂಧನೂ ಅಲ್ಲ. ಕಾರ್ನಿವಲ್ ಬಂದರೆ ಊರಿನ ಹುಡುಗರು ಬೀದಿಗೆ ಅಡ್ಡ ಮರ ಹಿಡಿದು ದುಡ್ಡು ಕೀಳುತ್ತಿದ್ದದ್ದು, ಬೆಂಕಿ ಹಾಕಿ ಕಲ್ಲು ತೂರಾಡಿ ತಲೆ ಒಡೆದುಕೊಳ್ಳುತ್ತಿದ್ದದ್ದು ಅವನಿಗೆ ಗೊತ್ತಿತ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಕಾಮದಹನಕ್ಕೆ ಕಟ್ಟಿಗೆ ಕದಿಯುವ ಹುಡುಗರನ್ನು ಕಂಡವರಿಗೆ ಈ ಚಿತ್ರ ಅಪರಿಚಿತವೇನಲ್ಲ. ಯಾವ ಕಾನೂನಿಗೂ ಬಗ್ಗದ ಆ ಹುಡುಗರನ್ನು ಸಾವೊನರೋಲಾ 1496ರ ಕಾರ್ನಿವಲ್ಲಿನಲ್ಲಿ ಬಡವರಿಗಾಗಿ ದಾನ ಎತ್ತಲು ಕಳಿಸಿದ. ಅವೇ ಬೀದಿಗಳು, ಅವೇ ಹುಡುಗರು, ಕೈಯಲ್ಲಿ ಕಲ್ಲಿನ ಬದಲು ತಟ್ಟೆ. ಲಾಂದುಚ್ಚಿಯ ಮಕ್ಕಳೂ ಆ ಗುಂಪಿನಲ್ಲಿದ್ದರು. ಇದನ್ನು ಕಣ್ಣಾರೆ ಕಂಡೆ ಎಂದು ಅವನು ಹಿಗ್ಗಿ ಬರೆದುಕೊಂಡಿದ್ದಾನೆ. ಪುಂಡ ಮಗ ಒಮ್ಮೆಲೇ ತಲೆ ಬಾಚಿಕೊಂಡು ಒಳ್ಳೆಯ ಕೆಲಸಕ್ಕೆ ಹೊರಟರೆ ಅವನನ್ನು ತಿದ್ದಿದ ಮೇಷ್ಟ್ರನ್ನು ಯಾವ ಅಪ್ಪ ನಂಬುವುದಿಲ್ಲ?

ಅವೇ ಮಕ್ಕಳು ಮುಂದಿನ ವರ್ಷ ಮನೆಮನೆಯ ಕದ ತಟ್ಟಿ 'ಪೊಳ್ಳು ವಸ್ತು'ಗಳನ್ನು ಕೇಳಿ ತಂದರು. 1497ರ ಫೆಬ್ರವರಿ 7ರಂದು ನಗರಸಭೆಯ ಮುಂದಿನ ಸಿನ್ಯೊರಿಯಾ ಚೌಕದಲ್ಲಿ ಏಳು ಅಂತಸ್ತಿನ ಮರದ ಗೋಪುರ ಕಟ್ಟಿ ಅದಕ್ಕೆ ಎಲ್ಲವನ್ನೂ ಪೇರಿಸಿದರು. ಕನ್ನಡಿ, ಟೋಪನ್ನು, ಅತ್ತರು, ಮುಖವಾಡ, ಇಸ್ಪೀಟಿನ ಎಲೆ, ಪಗಡೆ ದಾಳ, ವೀಣೆಯಂಥ ವಾದ್ಯಗಳು, ಬೊಕಾಚಿಯೊನ ಪುಸ್ತಕಗಳು, ಹೆಣ್ಣಿನ ಚಿತ್ರಗಳು. ಕಹಳೆ ಊದಿ, ಗಂಟೆ ಬಾರಿಸಿ, ಹಾಡುತ್ತ ಬೆಂಕಿ ಇಟ್ಟರು. ಬಾಚೊ ದೆಲ್ಲಾ ಪೊರ್ತಾ ಎಂಬ ಚಿತ್ರಕಾರ ತಾನು ಬರೆದ ಬೆತ್ತಲೆ ರೇಖಾಚಿತ್ರಗಳನ್ನು ತಾನೇ ತಂದು ಹಾಕಿದ ಎಂದು ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ. ಬೊಟಿಚೆಲ್ಲಿಯೂ ಹಾಕಿದ ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ, ಅದಕ್ಕೆ ದಾಖಲೆ ಇಲ್ಲ. ಬಾಚೊ ಮುಂದೆ ತಾನೇ ಸನ್ಯಾಸಿಯಾಗಿ ಫ್ರಾ ಬಾರ್ತೊಲೊಮೆಯೊ ಎನಿಸಿಕೊಂಡ. ಕರಿ ಮುಸುಕು, ಗಿಣಿಮೂಗಿನ ಸಾವೊನರೋಲಾ ಇಂದು ನಮ್ಮ ಕಣ್ಣಿಗೆ ಕಟ್ಟಿರುವುದು ಅವನು ಬರೆದ ಭಾವಚಿತ್ರದಿಂದ. ಹುಡುಗನ ಟಿವಿಯಲ್ಲಿ ಕಂಡ ಮೂಗೂ ಅದೇ.

ಈಗ ಆಟಕ್ಕೆ ಬನ್ನಿ. ಅಲ್ಲಿ ಸನ್ಯಾಸಿಗೆ ಊರಿನ ಬೇರೆ ಬೇರೆ ಭಾಗಗಳಲ್ಲಿ ಒಂಬತ್ತು ಮಂದಿ ಬಂಟರು. ಒಬ್ಬ ಚಿತ್ರಕಾರ, ಒಬ್ಬ ರೈತ, ಒಬ್ಬ ವೈದ್ಯ, ಒಬ್ಬ ಉಪದೇಶಕ, ಹೀಗೆ. ಎಲ್ಲರೂ ಸೇಬಿನ ಪ್ರಭಾವದಲ್ಲಿದ್ದಾರೆ. ಎಟ್ಸಿಯೊ ಒಬ್ಬೊಬ್ಬರನ್ನಾಗಿ ಮುಗಿಸುತ್ತ ಬಂದಂತೆ ಜನರ ಮಂಕು ಕಳೆಯುತ್ತದೆ. ಆಟದ ಲೆಕ್ಕದಲ್ಲಿ ಇದು ಸರಿಯಾಗಿ ಕೂರುತ್ತದೆ, ಒಂಬತ್ತು ಗುರಿ, ಒಂಬತ್ತು ಹತ್ಯೆ, ಆಮೇಲೆ ದೊಡ್ಡದು. ಆದರೆ ಬಾಚೊ ಎಂಬ ಚಿತ್ರಕಾರನ ಜಾಗದಲ್ಲಿ ಮಂಕುಬಡಿದ ಚಿತ್ರಕಾರನನ್ನು ನಿಲ್ಲಿಸಿದ ಕೂಡಲೆ ತನ್ನ ಕೈಯಾರೆ ಬರೆದದ್ದನ್ನು ಕೈಯಾರೆ ಸುಟ್ಟವನ ಕಥೆ ಕಾಣೆಯಾಗುತ್ತದೆ. ಅವನು ಯಾಕೆ ಸುಟ್ಟ, ಸುಡುವಾಗ ಕೈ ನಡುಗಿತೆ, ಆಮೇಲೆ ಕೊರಗಿದನೆ ಎಂದು ಕೇಳುವ ಹಾದಿಯೇ ಮುಚ್ಚಿಹೋಗುತ್ತದೆ.

ಸನ್ಯಾಸಿಯ ಕೈಯಲ್ಲಿ ಏನೂ ಇರಲಿಲ್ಲವೆಂದೇನಲ್ಲ. ಅಚ್ಚಿನ ಮೊಳೆ ಇತ್ತು. ಗುಟೆನ್‌ಬರ್ಗ್‌ನ ಯಂತ್ರ ಇಟಲಿಗೆ ಬಂದು ಇನ್ನೂ ಮೂವತ್ತು ಚಿಲ್ಲರೆ ವರ್ಷ. ಚರ್ಚಿನಲ್ಲಿ ಆಡಿದ ಮಾತು ಮರಗೆತ್ತನೆಯ ಚಿತ್ರಗಳ ಸಮೇತ ಕಿರುಹೊತ್ತಿಗೆಯಾಗಿ ಬೀದಿಗೆ ಬರುತ್ತಿತ್ತು. ಅವನಷ್ಟು ಚುರುಕಾಗಿ ಆ ಯಂತ್ರವನ್ನು ದುಡಿಸಿಕೊಂಡ ಉಪದೇಶಕ ಅವನಿಗಿಂತ ಮೊದಲು ಇರಲಿಲ್ಲ. ಕೊಡುವುದಕ್ಕೆ ಬೇರೆ ಸಂಗತಿಗಳೂ ಇದ್ದವು. ಮೆಡಿಚಿ ಮನೆತನದ ಯಜಮಾನಿಕೆ ಹೋದ ಮೇಲೆ ಸುಮಾರು 3,000 ನಾಗರಿಕರಿಗೆ ಜಾಗವಿದ್ದ ಮಹಾಸಭೆಯೊಂದು ರಚನೆಯಾಯಿತು. ಅದರ ಹಿಂದಿನ ಒತ್ತಾಸೆ ಅವನದೇ. ಆ ಸಭೆಗೆಂದು ಕಟ್ಟಿದ ಭವ್ಯ ಹಜಾರವನ್ನು ಇಂದು ಪ್ರವಾಸಿಗರು ಟಿಕೆಟ್ ಕೊಟ್ಟು ನೋಡುತ್ತಾರೆ. ಬಡವರು ಒಡವೆ ಪಾತ್ರೆ ಒತ್ತೆಯಿಟ್ಟು ಕಡಿಮೆ ಬಡ್ಡಿಗೆ ಸಾಲ ಪಡೆಯುವ ಸಂಸ್ಥೆ 1495ರಲ್ಲಿ ಶುರುವಾಯಿತು. ಅದೇ ಉಸಿರಿನಲ್ಲಿ, ಬಡ್ಡಿ ವ್ಯಾಪಾರದ ಯಹೂದಿಗಳು ಊರು ಬಿಡಬೇಕೆಂಬ ಆಜ್ಞೆಯೂ ಬಂತು. ಸಲಿಂಗ ಸಂಬಂಧಕ್ಕೆ ಶಿಕ್ಷೆ ಕಠಿಣವಾಯಿತು. ಮಕ್ಕಳ ಗುಂಪುಗಳು ಬೀದಿಯಲ್ಲಿ ಹೆಂಗಸರ ಉಡುಗೆಯನ್ನು ಪ್ರಶ್ನಿಸತೊಡಗಿದವು. ಲಾಂದುಚ್ಚಿಯ ಮಗನ ಕೈಯಲ್ಲಿದ್ದ ಭಿಕ್ಷಾತಟ್ಟೆಯನ್ನೂ ಇನ್ನೊಬ್ಬನ ಮಗ ಕಿತ್ತುಕೊಂಡ ತಲೆವಸ್ತ್ರವನ್ನೂ ಒಬ್ಬನೇ ಮೇಷ್ಟ್ರು ಕಲಿಸಿದ್ದು. ಇದನ್ನು ಒಟ್ಟಿಗೆ ಇಟ್ಟು ನೋಡುವುದು ಕಷ್ಟ. ಸೇಬು ಇದ್ದರೆ ಆ ಕಷ್ಟ ಇರುವುದಿಲ್ಲ.

ಇದು ಫ್ಲಾರೆನ್ಸಿನವರ ತಲೆನೋವು, ನಮಗೇನು ಎನ್ನುವ ಹಾಗೂ ಇಲ್ಲ. ಅದೇ ಎರಡನೆಯ ಆಟದಲ್ಲಿ ಗೋಡೆಗಳ ಮೇಲೆ ಅಲ್ಲಲ್ಲಿ ಗುಪ್ತ ಚಿಹ್ನೆಗಳಿವೆ, ಹುಡುಕಿದರೆ ಒಗಟು ಬಿಚ್ಚಿಕೊಳ್ಳುತ್ತದೆ. ಅಂಥ ಒಗಟುಗಳಲ್ಲಿ ಗಾಂಧೀಜಿಯೂ ಬರುತ್ತಾರೆ. ಅವರ ಬಳಿಯೂ ಒಂದು ಸೇಬಿತ್ತು, ಅದಕ್ಕಾಗಿಯೇ ಅವರ ಕೊಲೆಯಾಯಿತು ಎಂಬುದು ಆಟದ ಚರಿತ್ರೆ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಆಮೇಲೆ ನಗು ನಿಂತಿತು. ನಮ್ಮದು ಉತ್ತರ ಕನ್ನಡ. ನನ್ನ ಅಜ್ಜನ ಅಣ್ಣ 1930ರಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿ ಬಂದವರು. ಒಂದು ಚಿಟಿಕೆ ಉಪ್ಪನ್ನು ಬಾಳೆಲೆಯ ಚೂರಿನಲ್ಲಿ ಕಟ್ಟಿಕೊಂಡು ಬಂದು ದೇವರ ಗೂಡಿನಲ್ಲಿಟ್ಟಿದ್ದರಂತೆ. ಮಳೆಗಾಲದಲ್ಲಿ ಅದು ನೀರೊಡೆದು ಗೂಡಿನ ಹಲಗೆಗೆ ಇಳಿದು ಹೋಯಿತು, ಕಲೆ ನಾನು ಚಿಕ್ಕವನಿದ್ದಾಗಲೂ ಇತ್ತು. ಆ ಅಜ್ಜ ಗಾಂಧಿಯನ್ನು ಹತ್ತಿರದಿಂದ ಕಂಡವರಲ್ಲ. ಮುಂದೆ ಆ ಸೀಮೆಯ ಎಷ್ಟೋ ರೈತರು ಕರ ಕೊಡೆವು ಎಂದು ಜಮೀನು ಕಳೆದುಕೊಂಡರು. ಮುಂದೆ ಏನಾಗಬಹುದೆಂದು ಗೊತ್ತಿದ್ದೇ ನಿಂತವರು ಅವರು. ಅವರನ್ನು ಯಾವುದೋ ಚಿನ್ನದ ಗುಂಡು ಆಡಿಸಿತು ಎನ್ನುವ ಕಥೆಯಲ್ಲಿ ಗಾಂಧಿಗೆ ಆಗುವ ಅವಮಾನಕ್ಕಿಂತ ನಮ್ಮಜ್ಜನಿಗೆ ಆಗುವುದು ದೊಡ್ಡದು. ಸನ್ಯಾಸಿಯ ವಿಷಯದಲ್ಲೂ ನನ್ನ ಲೆಕ್ಕ ಹೀಗೇ. ಸಾವೊನರೋಲಾನನ್ನು ಖಳನಾಯಕ ಮಾಡಿದ್ದಕ್ಕೆ ನನ್ನದೇನೂ ಅಡ್ಡಿಯಿಲ್ಲ, ಅವನನ್ನು ಹಾಗೆ ಕಂಡವರು ಅವನ ಕಾಲದಲ್ಲೇ ಬೇಕಾದಷ್ಟಿದ್ದರು. ಬೇಸರ ಆ ಔಷಧಿ ಅಂಗಡಿಯವನಿಗಾಗಿ.

ಪೋಪ್ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. 1492ರಲ್ಲಿ ಆರನೇ ಅಲೆಕ್ಸಾಂಡರ್ ಆಗಿ ಪೀಠವೇರಿದ ರೊಡ್ರಿಗೊ ಬೋರ್ಜಿಯಾ ಈ ಆಟದ ಮುಖ್ಯ ಖಳ. ಕೊನೆಗೆ ವ್ಯಾಟಿಕನ್ನಿನಲ್ಲಿ ಎಟ್ಸಿಯೊ ಮತ್ತು ಪೋಪ್ ಆಯುಧ ಬಿಟ್ಟು ಬರಿಗೈಯಲ್ಲಿ ಗುದ್ದಾಡುವ ದೃಶ್ಯವಿದೆ. ಜಗತ್ತಿನ ಯಾವ ಧರ್ಮಗುರುವಿಗೂ ಆ ಗೌರವ ಸಿಕ್ಕಿರಲಿಕ್ಕಿಲ್ಲ. ಮಕ್ಕಳಿದ್ದ, ಆಸ್ತಿ ಮಾಡಿದ, ರಾಜಕೀಯ ಮಾಡಿದ ಆ ಪೋಪ್ ಬಗ್ಗೆ ಸಾವೊನರೋಲಾ ಆಡಿದ ಮಾತುಗಳ ಮುಂದೆ ಆಟದವರದು ಸಪ್ಪೆ. ಪೋಪ್ ಉಪದೇಶ ನಿಲ್ಲಿಸು ಎಂದ, ಇವನು ನಿಲ್ಲಿಸಲಿಲ್ಲ. 1497ರ ಮೇ ತಿಂಗಳಲ್ಲಿ ಧರ್ಮದಿಂದ ಹೊರಗೆ ಹಾಕಿದ. ಅದಕ್ಕೂ ಜಗ್ಗದಿದ್ದಾಗ ಇಡೀ ಊರಿಗೇ ಬಹಿಷ್ಕಾರ ಹಾಕುತ್ತೇನೆ, ರೋಮಿನಲ್ಲಿರುವ ನಿಮ್ಮ ವರ್ತಕರ ಸರಕು ಮುಟ್ಟುಗೋಲು ಎಂದ. ಸ್ವರ್ಗ ನರಕಕ್ಕೆ ಅಲುಗದ ಫ್ಲಾರೆನ್ಸ್ ಸರಕಿನ ಮಾತಿಗೆ ಅಲುಗಿತು. ಆಟದಲ್ಲಿ ಎಟ್ಸಿಯೊನ ಗೆಳೆಯನಾಗಿ ಸನ್ಯಾಸಿಯ ವಿರುದ್ಧ ನಿಲ್ಲುವ ರಾಜನೀತಿಯ ಬರಹಗಾರ ಮೆಕಿಯಾವೆಲ್ಲಿ ನಿಜದಲ್ಲಿ ಆಗ ಸರ್ಕಾರಿ ಹುದ್ದೆಯಿಲ್ಲದ ಯುವಕ. 1498ರ ಮಾರ್ಚಿನಲ್ಲಿ ಸನ್ಯಾಸಿಯ ಉಪದೇಶಕ್ಕೆ ಹೋಗಿ ಕೂತು, ಈ ಮನುಷ್ಯ ಗಾಳಿ ಬಂದತ್ತ ತನ್ನ ಸುಳ್ಳಿಗೆ ಬಣ್ಣ ಬದಲಿಸುತ್ತಾನೆ ಎಂಬ ಅರ್ಥದ ಕಾಗದ ಬರೆದ. ಸನ್ಯಾಸಿ ಸತ್ತ ಮರುತಿಂಗಳೇ ಅವನಿಗೆ ಸರ್ಕಾರಿ ನೌಕರಿ ಸಿಕ್ಕಿತು. ಮುಂದೆ ಆಯುಧವಿಲ್ಲದ ಪ್ರವಾದಿಗಳು ಯಾಕೆ ಸೋಲುತ್ತಾರೆ ಎಂದು ಬರೆಯುವಾಗ ಅವನಿಗೆ ಉದಾಹರಣೆಯಾಗಿ ಒದಗಿದ್ದು ಸಾವೊನರೋಲಾನೇ.

ಸೋತದ್ದು ಹೇಗೆ ಎಂಬುದು ಆಟಕ್ಕಿಂತ ವಿಚಿತ್ರ. ಫ್ರಾನ್ಸಿಸ್ಕನ್ ಮಠದವರು ಪಂಥ ಕಟ್ಟಿದರು: ನಿಮ್ಮ ಗುರು ನಿಜವಾದ ಪ್ರವಾದಿಯಾದರೆ ಬೆಂಕಿ ಹಾಯ್ದು ತೋರಿಸಲಿ, ನಮ್ಮವನೊಬ್ಬನೂ ಹಾಯುತ್ತಾನೆ. ಸಾವೊನರೋಲಾಗೆ ಇದು ಇಷ್ಟವಿರಲಿಲ್ಲ, ಅವನ ಶಿಷ್ಯ ಫ್ರಾ ದೊಮೆನಿಕೊ ಒಪ್ಪಿಬಿಟ್ಟ. 1498ರ ಏಪ್ರಿಲ್ 7, ಅದೇ ಸಿನ್ಯೊರಿಯಾ ಚೌಕ. ಉದ್ದಕ್ಕೆ ಎರಡು ಸಾಲು ಕಟ್ಟಿಗೆ ಒಟ್ಟಿ ಎಣ್ಣೆ ಸುರಿದು ನಡುವೆ ಒಬ್ಬ ನಡೆದುಹೋಗುವಷ್ಟು ದಾರಿ ಬಿಟ್ಟಿದ್ದರು. ಕಿಟಕಿ, ಮಾಳಿಗೆ, ಎಲ್ಲೆಲ್ಲೂ ಜನ. ಎರಡೂ ಕಡೆಯವರು ಬಂದು ನಿಂತರು, ಮಾತು ಶುರುವಾಯಿತು. ನಿಲುವಂಗಿಗೆ ಮಂತ್ರ ಹಾಕಿರಬಹುದು, ಬದಲಾಯಿಸಿ. ಬದಲಾಯಿಸಿದರು. ಶಿಲುಬೆ ಹಿಡಿದು ಹೋಗುವಂತಿಲ್ಲ. ಸರಿ, ಹಾಗಾದರೆ ಪವಿತ್ರ ರೊಟ್ಟಿ ಹಿಡಿದು ಹೋಗುತ್ತೇನೆ. ಅದು ಸುಟ್ಟರೆ ಏನು ಗತಿ, ಅದೂ ಕೂಡದು. ಬಗೆಹರಿಯದ ಧರ್ಮಸೂಕ್ಷ್ಮಗಳಲ್ಲಿ ಹೊತ್ತು ಜಾರಿತು. ನಡುವೆ ಜೋರು ಮಳೆ ಬೇರೆ. ಬೆಳಗಿನಿಂದ ಹಸಿದು ನಿಂತ ಜನ ನೆನೆದು ತೊಪ್ಪೆಯಾದರು. ಸಂಜೆಗೆ ಯಾರೂ ಬೆಂಕಿ ಹಾಯಲಿಲ್ಲ, ಮನೆಗೆ ಹೋಗಿ ಎಂದು ಅಪ್ಪಣೆಯಾಯಿತು.

ಮರುದಿನ ಗರಿಗಳ ಭಾನುವಾರ. ಮೋಸಹೋದೆವು ಎಂಬ ಸಿಟ್ಟಿನಲ್ಲಿ ಜನ ಸಾನ್ ಮಾರ್ಕೊ ಮಠಕ್ಕೆ ಮುತ್ತಿಗೆ ಹಾಕಿ ಅವನನ್ನು ಹಿಡಿದರು. ಕೈಗಳನ್ನು ಬೆನ್ನಿಗೆ ಕಟ್ಟಿ ಹಗ್ಗದಲ್ಲಿ ಮೇಲೆತ್ತಿ ಧೊಪ್ಪನೆ ಬಿಡುವ ಚಿತ್ರಹಿಂಸೆ. ತಾನು ಪ್ರವಾದಿಯಲ್ಲ ಎಂಬ ತಪ್ಪೊಪ್ಪಿಗೆ ಹೊರಬಂತು. ಅದನ್ನು ಏಪ್ರಿಲ್ 19ರಂದು ಅವನೇ ಹುಟ್ಟುಹಾಕಿದ ಮಹಾಸಭೆಯಲ್ಲಿ ಓದಿದರು. ಲಾಂದುಚ್ಚಿ ಅಲ್ಲಿ ಕೂತಿದ್ದ. ಕೇಳಿ ದಂಗಾದೆ, ಅಂಥ ದೊಡ್ಡ ಕಟ್ಟಡ ಹೀಗೆ ನೆಲಕ್ಕುರುಳಿದ್ದು ಕಂಡು ಎದೆ ಒಡೆಯಿತು ಎಂಬ ಭಾವದ ಸಾಲುಗಳನ್ನು ಆ ದಿನ ಬರೆದಿದ್ದಾನೆ. ಒಂಬತ್ತು ಹತ್ಯೆಗಳಿಂದ ಮಂಕು ಕಳೆದು ನೆಮ್ಮದಿಯಾಗಿ ಎದ್ದ ಊರು ಅದಾಗಿರಲಿಲ್ಲ.

ಆಟದ ಕೊನೆಯ ದೃಶ್ಯದಲ್ಲಿ ಮಾತ್ರ ಬರೆದವರ ಕೈಯೇ ಅವರನ್ನು ಮೀರಿತು ಅನ್ನಿಸುತ್ತದೆ. ಸೇಬು ಉರುಳಿಹೋಗಿದೆ. ಈಗ ಯಾರೂ ಯಾರನ್ನೂ ಆಡಿಸುತ್ತಿಲ್ಲ. ಸ್ವತಂತ್ರರಾದ ಜನ ಮೊದಲು ಮಾಡುವ ಕೆಲಸ ಒಬ್ಬ ಮನುಷ್ಯನನ್ನು ಚೌಕಕ್ಕೆ ಎಳೆದು ತಂದು ಕಂಬಕ್ಕೆ ಕಟ್ಟಿ ಬೆಂಕಿ ಇಡುವುದು. ಎಟ್ಸಿಯೊನ ಅಪ್ಪ ಮತ್ತು ಇಬ್ಬರು ಸಹೋದರರನ್ನು 1476ರಲ್ಲಿ ಗಲ್ಲಿಗೇರಿಸಿದ್ದು ಇದೇ ಚೌಕದಲ್ಲಿ. ಅವನು ಗುಂಪಿನಿಂದ ಮುಂದೆ ಬಂದು, ಬೇಯುತ್ತಿರುವ ಸನ್ಯಾಸಿಯನ್ನು ಚೂರಿಯಿಂದ ಇರಿದು ನೋವಿನಿಂದ ಬಿಡಿಸುತ್ತಾನೆ. ಆಮೇಲೆ ಜನರತ್ತ ತಿರುಗಿ ಯಾರ ಹಿಂದೆಯೂ ಹೋಗಬೇಡಿ, ನಿಮ್ಮ ದಾರಿ ನೀವೇ ನೋಡಿಕೊಳ್ಳಿ ಎಂದು ಒಂದು ಭಾಷಣ ಬಿಗಿಯುತ್ತಾನೆ. ಭಾಷಣ 21ನೇ ಶತಮಾನದ್ದು, ಅದನ್ನು ಬಿಡಿ. ಆ ಚೂರಿ ನನಗೆ ಇಷ್ಟವಾಯಿತು. ನಿಜದಲ್ಲಿ 1498ರ ಮೇ 23ರಂದು ಸನ್ಯಾಸಿಯನ್ನೂ ಅವನ ಇಬ್ಬರು ಶಿಷ್ಯರನ್ನೂ ಮೊದಲು ನೇಣಿಗೆ ಹಾಕಿ, ಆಮೇಲೆ ಸುಟ್ಟರು. ಅಸ್ಥಿಯೂ ಉಳಿಯದಂತೆ ಬೂದಿಯನ್ನು ಗಾಡಿಯಲ್ಲಿ ಹೇರಿ ಅರ್ನೊ ನದಿಗೆ ಸುರಿದರು.

ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದೆ. ಚೌಕದ ಕಾರಂಜಿಯ ಹತ್ತಿರ ನೆಲದಲ್ಲಿ ಒಂದು ದುಂಡು ಕಲ್ಲಿದೆ, ಅನ್ಯಾಯದ ತೀರ್ಪಿನಿಂದ ಇಲ್ಲಿ ಗಲ್ಲಿಗೇರಿಸಿ ಸುಡಲಾಯಿತು ಎಂದು ಅದರ ಮೇಲೆ ಕೆತ್ತಿದ್ದಾರೆ. ನಾಲ್ಕು ನೂರು ವರ್ಷ ಬಿಟ್ಟು ಹಾಕಿದ ಕಲ್ಲು. ವರ್ಷವರ್ಷವೂ ಮೇ 23ಕ್ಕೆ ಅದರ ಮೇಲೆ ಹೂವು ಹಾಕುತ್ತಾರೆ. ನಾನು ಹೋದ ದಿನ ಅದರ ಮೇಲೆ ಐಸ್‌ಕ್ರೀಮಿನ ಒಂದು ಹನಿ ಇತ್ತು, ನೊಣ ಕೂತಿತ್ತು. ಅಲ್ಲಿಂದ ನಡೆದು ಸಾನ್ ಮಾರ್ಕೊಗೆ ಹೋದರೆ ಅವನ ಕೋಣೆ, ಮೈಗೆ ಚುಚ್ಚುವ ಒರಟು ಅಂಗಿ, ಬಾಚೊ ಬರೆದ ಚಿತ್ರ. ಮತ್ತೆ ಒಂದು ದೊಡ್ಡ ಗಂಟೆ.

ಆ ಗಂಟೆಯ ಕಥೆಯನ್ನು ಮೊನ್ನೆ ಹುಡುಗನಿಗೆ ಹೇಳಿದೆ. ಮಠಕ್ಕೆ ಮುತ್ತಿಗೆ ಬಿದ್ದ ರಾತ್ರಿ ಸನ್ಯಾಸಿಗಳು ಜನರ ನೆರವು ಕೋರಿ ಬಾರಿಸಿದ್ದು ಇದನ್ನೇ. ಸಾವೊನರೋಲಾನ ಕಡೆಯವರಿಗೆ 'ಅಳುಬುರುಕರು' ಎಂದು ಊರಿನಲ್ಲಿ ಅಡ್ಡಹೆಸರು, ಗಂಟೆಗೂ ಅದೇ ಹೆಸರು ಬಿದ್ದಿತ್ತು. ಎಲ್ಲ ಮುಗಿದ ಮೇಲೆ ಊರಿನವರು ಗಂಟೆಯ ಮೇಲೂ ತೀರ್ಪು ಕೊಟ್ಟರು: 50 ವರ್ಷ ಗಡೀಪಾರು. ಗೋಪುರದಿಂದ ಇಳಿಸಿ, ಕತ್ತೆಗಾಡಿಗೆ ಹೇರಿ, ಬೀದಿ ಬೀದಿಯಲ್ಲಿ ಅದಕ್ಕೆ ಚಾಟಿಯಿಂದ ಹೊಡೆಯುತ್ತ ಊರಾಚೆಯ ಬೆಟ್ಟದ ಮೇಲಿನ ಫ್ರಾನ್ಸಿಸ್ಕನ್ ಮಠಕ್ಕೆ ಒಯ್ದರು. ಹೊಡೆದವನು ಊರಿನ ಅಧಿಕೃತ ವಧಕಾರ.

ಹುಡುಗ ಮೂರು ದಿನದಲ್ಲಿ ಮೊದಲ ಸಲ ಆಟ ನಿಲ್ಲಿಸಿದ.

"ಗಂಟೆಗಾ? ಚಾಟಿಯಲ್ಲಾ?"

"ಹೌದು. ಸೇಬು ಗೀಬು ಏನೂ ಇಲ್ಲದೆ."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಹೊಡೆದಾಗ ಅದು ಸದ್ದು ಮಾಡಿರುತ್ತೆ ಅಲ್ವಾ ಮಾವ?" ಎಂದ.